ಉಳಿದ ಅರ್ಧ

ಹಾವೇರಿ
ಭಾನುವಾರ, ಮಧ್ಯಾಹ್ನ

ಚಿರಂಜೀವಿ ಸೌಭಾಗ್ಯವತಿ ಮಗಳಿಗೆ ಅವ್ವನ ಆಶೀರ್ವಾದಗಳು.

ನೀವು ಬೆಂಗಳೂರು ತಲುಪಿದ ಸುದ್ದಿಯನ್ನು ಅಳಿಯಂದಿರು ನಿಮ್ಮ ಅಪ್ಪನಿಗೆ ತಿಳಿಸಿದರು. ನನಗೆ ಫೋನ್ ಬರಲಿಲ್ಲ. ಬರಬೇಕಿತ್ತೆಂದು ನಾನೇನೂ ಹೇಳುತ್ತಿಲ್ಲ. ಕಟ್ಟಿಟ್ಟ ಬುತ್ತಿಯನ್ನೂ ಬಿಟ್ಟು ಹೋದಿರಿ. ರೊಟ್ಟಿ, ಶೇಂಗಾ ಹಿಂಡಿ ಕೆಡುವ ಪದಾರ್ಥವಲ್ಲ. ಬದನೆಕಾಯಿ ಪಲ್ಯ ಮಾತ್ರ ಮರುದಿನ ಆಕಳ ಪಾಲಾಯಿತು.

ಗುರುವಾರ ರಾತ್ರಿ ಯಾರು ಯಾರಿಗೆ ಏನೆಂದರು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನೀನು ಚಪ್ಪಲಿ ಮೆಟ್ಟುತ್ತ ಆಡಿದ ಒಂದು ಮಾತು ಮಾತ್ರ ಕಿವಿಯಿಂದ ಹೋಗುತ್ತಿಲ್ಲ: "ನಾನು ನನ್ನ ಮಗಳ ಪುಸ್ತಕವನ್ನು ಕಸಿದು ಮೇಲಿಟ್ಟೆ, ಅಷ್ಟೇ. ನೀನು ನನ್ನದನ್ನು ಒಲೆಗೆ ಹಾಕಿದ್ದೆ."

ಒಲೆಗೆ ಹಾಕಿದ್ದು ಅರ್ಧವನ್ನು. ಇದು ನಿನಗೆ ಗೊತ್ತಿಲ್ಲ.

1999ರ ಮಾರ್ಚ್ ತಿಂಗಳು. ಅಂದು ಸೋಮವಾರ, ಗ್ರಂಥಾಲಯಕ್ಕೆ ವಾರದ ರಜೆ, ಹಾಗಾಗಿ ನಾನು ಮನೆಯಲ್ಲಿದ್ದೆ. ಬೇರೆ ಯಾವ ದಿನವಾಗಿದ್ದರೂ ನೀನು ಸಿಕ್ಕಿಬೀಳುತ್ತಿರಲಿಲ್ಲ, ನಾನೂ ಇಷ್ಟು ವರ್ಷ ಇದನ್ನು ಹೊತ್ತು ತಿರುಗುತ್ತಿರಲಿಲ್ಲ. ಗಣಿತದ ಪುಸ್ತಕದ ನಡುವೆ ಆ ಪತ್ತೇದಾರಿ ಕಾದಂಬರಿ ಇತ್ತು. ನನಗೆ ಸಿಟ್ಟು ಬಂದದ್ದು ನೀನು ಅದನ್ನು ಓದುತ್ತಿದ್ದೆಯೆಂದಲ್ಲ, ಅದರ ಮೇಲೆ ನಮ್ಮ ಗ್ರಂಥಾಲಯದ ಮೊಹರು ಇತ್ತೆಂದು. ನನ್ನ ಮೇಜಿನಿಂದಲೇ, ನನ್ನ ಕಣ್ಣು ತಪ್ಪಿಸಿ! ಬೆನ್ನಿನ ಹೊಲಿಗೆ ಮೊದಲೇ ಸಡಿಲವಾಗಿತ್ತು, ಎಳೆದ ಕೂಡಲೇ ಎರಡಾಯಿತು. ಹಿಂದಿನ ಅರ್ಧವನ್ನು ಬಚ್ಚಲ ಒಲೆಗೆ ತುರುಕಿದೆ. ಮುಂದಿನ ಅರ್ಧವನ್ನೂ ತುರುಕುತ್ತಿದ್ದೆ. ಆದರೆ ಅದರ ಮೊದಲ ಪುಟದಲ್ಲಿ ಪುಸ್ತಕದ ಸಂಖ್ಯೆ ಇತ್ತು. ರಿಜಿಸ್ಟರಿನಲ್ಲಿ ಬರೆಯಲು ಆ ಸಂಖ್ಯೆ ಬೇಕಲ್ಲ. ಕೈ ಅಲ್ಲಿಗೆ ನಿಂತಿತು. ಪಶ್ಚಾತ್ತಾಪದಿಂದ ನಿಂತಿತೆಂದು ತಿಳಿಯಬೇಡ.

ಮರುದಿನ 'ಕಳೆದಿದೆ' ಎಂದು ಬರೆದು ಪುಸ್ತಕದ ಬೆಲೆ ಕಟ್ಟಿದೆ. ಅಷ್ಟು ವರ್ಷದ ನೌಕರಿಯಲ್ಲಿ ನಾನು ಬರೆದ ಸುಳ್ಳು ಅದೊಂದೇ.

ನೀನು ಬಚ್ಚಲ ಬಾಗಿಲಲ್ಲಿ ನಿಂತು ಅಳಲಿಲ್ಲ. ಒಳಗೆ ಹೋಗಿ ಪ್ರಮೇಯ ಬರೆಯುತ್ತ ಕುಳಿತೆ. ಗಣಿತದಲ್ಲಿ 96 ಬಂತು. ಮಾರ್ಕ್ಸ್ ಕಾರ್ಡ್ ತಂದ ದಿನ ಓಣಿಯವರಿಗೆಲ್ಲ ಪೇಢೆ ಹಂಚಿದೆ. ನನ್ನ ಒಲೆಯಿಂದಲೇ ಆ ಅಂಕ ಬಂತೆಂದು ಒಳಗೊಳಗೇ ಬೀಗಿದೆ. ಈಗ ಬರೆಯಲು ನಾಚಿಕೆಯಾಗುತ್ತದೆ, ಆದರೆ ಬೀಗಿದ್ದು ನಿಜ.

ನಾಚಿಕೆ ಏಕೆಂದರೆ, ಮರುದಿನದಿಂದ ಮತ್ತೆ ಅದೇ ಮೇಜಿನ ಹಿಂದೆ ಕುಳಿತು ಊರಿನವರಿಗೆಲ್ಲ ಅವರು ಬೇಡಿದ ಪುಸ್ತಕವನ್ನು ಹುಡುಕಿ ಕೊಡುತ್ತಿದ್ದವಳು ನಾನೇ. ಏಲಕ್ಕಿ ಹಾರ ಪೋಣಿಸುವ ಮನೆಯ ಹೆಂಗಸೊಬ್ಬರು ಬರುತ್ತಿದ್ದರು. ಲೇಖಕರ ಹೆಸರು ಕೇಳಿದವರಲ್ಲ, "ದಪ್ಪನೆಯದು ಕೊಡಿ ಅಕ್ಕಾ, ಹದಿನೈದು ದಿನ ಬರಬೇಕು" ಎನ್ನುತ್ತಿದ್ದರು. ನಿವೃತ್ತ ಹೆಡ್‌ಮಾಸ್ತರರೊಬ್ಬರು ಪ್ರತಿ ಸಲವೂ ಎರಡು ಪುಸ್ತಕ ಒಯ್ಯುತ್ತಿದ್ದರು: ಮೇಲೆ ವೇದಾಂತ, ಕೆಳಗೆ ಕೊಲೆ ರಹಸ್ಯ. ವೇದಾಂತ ಹೋದ ಹಾಗೆಯೇ ಮರಳುತ್ತಿತ್ತು, ಕೊಲೆ ರಹಸ್ಯದ ಪುಟಗಳ ಅಂಚಿಗೆ ಅಡಿಕೆಯ ಕಲೆ. ಬಸ್ ಡಿಪೋದ ಮೆಕ್ಯಾನಿಕ್ ಒಬ್ಬರಿಗೆ ದೆವ್ವದ ಕಥೆಯೇ ಬೇಕು. ಸಹೋದ್ಯೋಗಿಯೊಬ್ಬರು ಒಮ್ಮೆ ನಕ್ಕಾಗ ಅವರು ಹೇಳಿದ್ದು ಇನ್ನೂ ನೆನಪಿದೆ: "ಮನೆ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ಕಟ್ಟುತ್ತೇನೆ ಸಾಹೇಬರೇ. ನನ್ನ ಕರಕ್ಕೆ ನನ್ನ ದೆವ್ವ." 1965ರ ಗ್ರಂಥಾಲಯ ಕಾಯ್ದೆಯನ್ನು ಇದಕ್ಕಿಂತ ಚೆನ್ನಾಗಿ ಯಾವ ಅಧಿಕಾರಿಯೂ ವಿವರಿಸಿದ್ದನ್ನು ನಾನು ಕೇಳಿಲ್ಲ. ಇವರಲ್ಲಿ ಯಾರಿಗೂ ನಾನು "ಇದೇಕೆ ಓದುತ್ತೀರಿ, ಉಪಯೋಗದ್ದು ಓದಿ" ಎಂದವಳಲ್ಲ. ಮನೆಗೆ ಬಂದರೆ ಮಾತ್ರ ನನ್ನ ನಾಲಿಗೆ ಬೇರೆಯಾಗುತ್ತಿತ್ತು.

ಗುರುವಾರ ನೀನು ಕೂಸಿಗೆ ಅದೇ ಮಾತು ಅಂದೆ. 'ಉಪಯೋಗದ್ದು' ಎಂದಾಗ ದನಿಯೂ ನನ್ನದೇ. ನನಗೆ ರೇಗಿದ್ದು ಅದಕ್ಕೆ; ನಿನ್ನ ಮೇಲೆ ಅರ್ಧ, ನನ್ನ ಮೇಲೆ ಅರ್ಧ. ಕೂಸಿನ ಎದುರಿಗೆ ನಿನ್ನನ್ನು ಬೈದದ್ದು ತಪ್ಪು. ಅದನ್ನು ಬೇರೆ ಕೋಣೆಯಲ್ಲಿ ಹೇಳಬೇಕಿತ್ತು. ಹೇಳಲೇಬಾರದಿತ್ತು ಎಂದು ಮಾತ್ರ ನಾನು ಒಪ್ಪುವುದಿಲ್ಲ.

ಹತ್ತು ವರ್ಷದ ಹುಡುಗಿ ಹಾಸಿಗೆಯಲ್ಲಿ ಹೆದರುತ್ತ ಹೆದರುತ್ತ ಪುಟ ತಿರುಗಿಸುತ್ತಿದ್ದಾಳೆಂದರೆ ಅವಳಿಗೆ ಓದಿನ ರುಚಿ ಹತ್ತಿದೆ. ಅದನ್ನು ಯಾವ ಟ್ಯೂಷನ್ನಿನವರೂ ಹತ್ತಿಸಲಾರರು. ನಮ್ಮ ತಾಲ್ಲೂಕಿನ ಗಳಗನಾಥರನ್ನೇ ನೋಡು. ಶಾಲಾ ಮಾಸ್ತರಿಕೆ ಮಾಡಿದವರು, ಕಾದಂಬರಿ ಬರೆದು, ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರು. ಜನ ಕೊಂಡದ್ದು ಉಪಯೋಗಕ್ಕೆಂದೇ? ಮುಂದೇನಾಯಿತು ಎಂಬ ಚಡಪಡಿಕೆಗೆ. ಆ ಚಡಪಡಿಕೆ ಇರದಿದ್ದರೆ ಈ ಸೀಮೆಯಲ್ಲಿ ಕನ್ನಡ ಓದುವವರು ಎಲ್ಲಿರುತ್ತಿದ್ದರು? ಮಕ್ಕಳ ಕೈಗೆ ಮೊದಲು... ಇರಲಿ. ಉಪದೇಶ ಬರೆಯಬಾರದೆಂದು ಕುಳಿತವಳು ಅರ್ಧ ಪುಟ ಬರೆದೇಬಿಟ್ಟೆ. ನಿಮ್ಮ ಅಪ್ಪ ಇದನ್ನು ಓದಿದರೆ "ಮೇಜಿನ ಹಿಂದಿನ ಅಭ್ಯಾಸ" ಎಂದು ನಗುತ್ತಾರೆ.

ನನ್ನ ಭಯ ಇದಲ್ಲ, ಬೇರೆ. ಆ ಸೋಮವಾರದ ನಂತರ ನೀನು ಕಥೆ ಪುಸ್ತಕ ಹಿಡಿದದ್ದನ್ನು ನಾನು ನೋಡಿಲ್ಲ. ನಿಮ್ಮ ಮನೆಯ ಕಪಾಟಿನಲ್ಲಿ ಇರುವುದೆಲ್ಲ ಹಣ ಹೂಡುವುದು ಹೇಗೆ, ಬೆಳಿಗ್ಗೆ ಬೇಗ ಏಳುವುದು ಹೇಗೆ ಎಂಬ ಪುಸ್ತಕಗಳು. ಓದು, ಬೇಡವೆನ್ನುವುದಿಲ್ಲ, ಅವೂ ಪುಸ್ತಕಗಳೇ. ಲೆಕ್ಕಪತ್ರದಲ್ಲಿ ನಿನ್ನ ಹೆಸರು ಹೇಳಿದರೆ ದೊಡ್ಡ ದೊಡ್ಡವರು ಎದ್ದು ಕುರ್ಚಿ ಕೊಡುತ್ತಾರೆಂದು ಅಳಿಯಂದಿರು ಹೇಳಿದಾಗ ನನ್ನ ಎದೆ ತುಂಬಿತ್ತು. ಆದರೂ ಆ ಕಪಾಟಿನ ಎದುರು ನಿಂತಾಗಲೆಲ್ಲ ಮೂಗಿಗೆ ಬಚ್ಚಲ ಹೊಗೆ ಬರುತ್ತದೆ. ನಿಮ್ಮ ಅಪ್ಪ ಹೇಳುವ ಪ್ರಕಾರ ಇದು ನನ್ನ ಜಂಬ. ಮಗಳು ಕಥೆ ಬಿಟ್ಟದ್ದಕ್ಕೂ ತಾನೇ ಕಾರಣಳಾಗಬೇಕೆನ್ನುವ ಜಂಬ. ಇದ್ದರೂ ಇರಬಹುದು.

ಇನ್ನು ಆ ಮುಂದಿನ ಅರ್ಧ. ನಿನ್ನ ಪರೀಕ್ಷೆ ಮುಗಿದ ರಾತ್ರಿ ಟ್ರಂಕಿನ ತಳದಿಂದ ಅದನ್ನು ತೆಗೆದೆ. ಎಲ್ಲಿಯಾದರೂ ಎಸೆಯೋಣವೆಂದು ತೆಗೆದವಳು ಓದಲು ಕುಳಿತೆ. ಒಂದು ತೋಟದ ಮನೆ, ಮಾಲೀಕನ ಕೊಲೆ, ಐದು ಜನರ ಮೇಲೆ ಸಂಶಯ. ಬೆಳಗಿನ ಜಾವ ಮೂರು ಗಂಟೆಗೆ 112ನೇ ಪುಟಕ್ಕೆ ಬಂದು ನಿಂತೆ. ಮುಂದೆ ಪುಟವೇ ಇಲ್ಲ! ಗ್ರಂಥಾಲಯದ ಪುಸ್ತಕವಲ್ಲವೇ, 40ನೇ ಪುಟದಲ್ಲಿ ವೈದ್ಯನ ಹೆಸರಿನ ಪಕ್ಕ ಯಾರೋ ಪೆನ್ಸಿಲಿನಲ್ಲಿ 'ಇವನೇ ಕೊಲೆಗಾರ' ಎಂದು ಬರೆದಿದ್ದರು. ಕೆಳಗೆ ಇನ್ನೊಂದು ಕೈಬರಹದಲ್ಲಿ 'ಸುಳ್ಳು' ಎಂದಿತ್ತು. ಪುಸ್ತಕದಲ್ಲಿ ಗೀಚುವವರನ್ನು ನಾನು ಜನ್ಮವಿಡೀ ಶಪಿಸಿದ್ದೇನೆ. ಮೂರನೆಯವರೊಬ್ಬರು ಬರೆದು ನ್ಯಾಯ ಮುಗಿಸಿರಬಾರದಿತ್ತೇ ಎಂದು ಅಂದು ಅನಿಸಿತು.

ಆಮೇಲೆ ಹುಡುಕಿದೆ. ಹುಬ್ಬಳ್ಳಿಗೆ ಹೋದಾಗ ಹಳೆಯ ಪುಸ್ತಕದ ಅಂಗಡಿಗಳಲ್ಲಿ, ಧಾರವಾಡದ ಸುಭಾಸ ರಸ್ತೆಯಲ್ಲಿ, ರದ್ದಿ ಅಂಗಡಿಗಳಲ್ಲೂ. 2023ರ ಜನವರಿಯಲ್ಲಿ ನಮ್ಮೂರಲ್ಲಿ 86ನೇ ಸಾಹಿತ್ಯ ಸಮ್ಮೇಳನ ನಡೆದಾಗ ಮೂರೂ ದಿನ ಮಳಿಗೆಗಳ ಸಾಲಿನಲ್ಲೇ ಇದ್ದೆ. ಗೋಷ್ಠಿಗಳನ್ನು ಬಿಟ್ಟು ಎಲ್ಲಿ ಹೋಗಿದ್ದೆಯೆಂದು ನೀನು ಫೋನಿನಲ್ಲಿ ಕೇಳಿದ್ದಕ್ಕೆ ಕಾಲು ನೋವೆಂದಿದ್ದೆ. ಹಾಗಾದರೆ ಸುಳ್ಳು ಎರಡಾದವು. ಪುಸ್ತಕ ಸಿಗಲಿಲ್ಲ.

ಮೊನ್ನೆ ನೀವು ಹೋದ ಮೇಲೆ ಅದನ್ನು ಮತ್ತೆ ತೆಗೆದು ಒಂದೊಂದೇ ಹಾಳೆ ತಿರುವಿದೆ. ನೀನು ಎಲ್ಲಿಯ ತನಕ ಓದಿದ್ದೆ ಎಂಬುದಕ್ಕೆ ಬಸ್ ಟಿಕೆಟ್ ಇಡುತ್ತಿದ್ದೆಯಲ್ಲ, ಆ ಟಿಕೆಟ್ ನನ್ನ ಅರ್ಧದಲ್ಲಿಲ್ಲ. ಎಂದರೆ ಅದು ಸುಟ್ಟ ಅರ್ಧದಲ್ಲಿತ್ತು, ನೀನು 112 ದಾಟಿದ್ದೆ. ಎಷ್ಟು ದಾಟಿದ್ದೆ? ಕೊನೆಯ ತನಕ ಹೋಗಿದ್ದೆಯಾ? ವೈದ್ಯನೇ ಅಥವಾ ಆ ತಂಗಿಯೇ? ನನಗೆ ತಂಗಿಯ ಮೇಲೆಯೇ ಸಂಶಯ. ನನ್ನೊಡನೆ ಮಾತು ಬೇಡವೆನಿಸಿದರೆ ಒಂದು ಸಾಲು ಮೆಸೇಜ್ ಹಾಕು, ಹೆಸರು ಮಾತ್ರ ಸಾಕು.

ಕೂಸಿನ ಪುಸ್ತಕ ನೀನಿಟ್ಟ ಅಲಮಾರಿಯ ಮೇಲೆಯೇ ಉಳಿದಿತ್ತು. ಬಸ್ ಪಾರ್ಸೆಲ್‌ನಲ್ಲಿ ಕಳುಹಿಸುತ್ತೇನೆಂದು ಅವಳಿಗೆ ಹೇಳು. ಆದರೆ ಈ ವಾರ ಆಗುವುದಿಲ್ಲ. ಇಂಗ್ಲಿಷ್ ಆದ್ದರಿಂದ ನಿಘಂಟು ನೋಡಿಕೊಂಡು ದಿನಕ್ಕೆ ಹತ್ತು ಪುಟ ಮಾತ್ರ ಸಾಗುತ್ತಿದೆ, ಆ ಹಳೆಯ ಬಂಗಲೆಯಲ್ಲಿ ದೀಪ ಹಚ್ಚುವವರು ಯಾರೆಂದು ಇನ್ನೂ ತಿಳಿದಿಲ್ಲ.

ನಿನ್ನ
ಅವ್ವ