ಕಪಾಟು ಖಾಲಿ ಯಾಕೆ, ರೇಟು ಏರಿದ್ದು ಯಾಕೆ: ನಮ್ಮ ಕಾಫಿ ಪುಡಿ ಅಂಗಡಿಯ ಗ್ರಾಹಕರಿಗೆ

ಪ್ರಿಯ ಗ್ರಾಹಕರೇ,

ಈ ತಿಂಗಳ 1ರಿಂದ ನಮ್ಮ ಅಂಗಡಿಯ ಎಡಗೋಡೆಯ ಕಪಾಟು ಖಾಲಿಯಿದೆ. ಜೇನುತುಪ್ಪ, ಕಾಳುಮೆಣಸು, ಏಲಕ್ಕಿ, ಮನೆಯಲ್ಲಿ ಮಾಡಿದ ಚಾಕೊಲೇಟು, ಹಿತ್ತಾಳೆ ಫಿಲ್ಟರು ಯಾವುದೂ ಇನ್ನು ನಮ್ಮ ಬಿಲ್ಲಿನಲ್ಲಿ ಸಿಗುವುದಿಲ್ಲ. ಇದನ್ನು ಮುಂಚೆ ತಿಳಿಸದೆ ಮಾಡಿದ್ದು ನಮ್ಮ ತಪ್ಪು. ಬಾಗಿಲಿಗೆ ಒಂದು ಬೋರ್ಡನ್ನಾದರೂ ಹಾಕಬೇಕಿತ್ತು. ಆಲ್ದೂರು, ಮೂಡಿಗೆರೆ ಕಡೆಯಿಂದ ಬಸ್ಸಿಳಿದು ಬಂದು ಬರಿಗೈಲಿ ಹೋದವರ ಕ್ಷಮೆ ಕೇಳುತ್ತೇವೆ.

ಆದರೆ ಕಪಾಟು ಖಾಲಿಯಾದದ್ದು, ಪುಡಿಯ ರೇಟು ಏರಿದ್ದು, ಕಂಪನಿಯಲ್ಲಿ ವಿದೇಶಿಯವರು ಪಾಲು ತೆಗೆದುಕೊಂಡಿದ್ದು, ಈ ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಆಡುತ್ತಿರುವ ಮಾತನ್ನು ಒಪ್ಪಲಾರೆವು. ಕಪಾಟಿಗೂ ಪಾಲಿಗೂ ಸಂಬಂಧವಿದೆ, ಅದನ್ನು ಮುಚ್ಚಿಡುವುದಿಲ್ಲ. ರೇಟಿಗೂ ಪಾಲಿಗೂ ಇಲ್ಲ.

ಪಾಲಿನ ವಿಷಯ ಮೊದಲು. ಯುರೋಪಿನ ಒಂದು ಕಾಫಿ ಹುರಿಯುವ ಕಂಪನಿಗೆ ನಮ್ಮಲ್ಲಿ ಶೇ 24 ಪಾಲು ಕೊಟ್ಟಿದ್ದೇವೆ. ಅದು ಹೊಸದಾಗಿ ಹೊರಡಿಸಿದ ಷೇರು. ಹಳೆಯ ಪಾಲುದಾರರು ಯಾರೂ ತಮ್ಮದನ್ನು ಮಾರಿ ದುಡ್ಡು ಜೇಬಿಗಿಳಿಸಿಲ್ಲ, ಬಂದ ಹಣವೆಲ್ಲ ಕಂಪನಿಯ ಖಾತೆಗೇ ಬಂದಿದೆ. ಅವರು ಕೇಳಿದ್ದು 26. ಎರಡು ಅಂಕಿಗೆ ಅಷ್ಟು ಜಗ್ಗಾಡಬೇಕಿತ್ತೇ ಎಂದು ನಮ್ಮವರೇ ಕೇಳಿದ್ದರು. ಬೇಕಿತ್ತು. ಕಂಪನಿಯ ನಿಯಮಾವಳಿ ತಿದ್ದಲು, ಹೆಸರು ಬದಲಿಸಲು ವಿಶೇಷ ನಿರ್ಣಯ ಬೇಕು. ವಿರೋಧದ ಮೂರು ಪಟ್ಟು ಮತ ಪರವಾಗಿ ಬಿದ್ದರೆ ಮಾತ್ರ ಅದು ಪಾಸಾಗುತ್ತದೆ. ಅಂದರೆ ಶೇ 25ಕ್ಕಿಂತ ಒಂದಿಷ್ಟು ಹೆಚ್ಚು ಹಿಡಿದವರು ಒಬ್ಬರೇ ಕೂತು ಅದನ್ನು ತಡೆಯಬಹುದು. 24ರಲ್ಲಿ ಆ ಬಲ ಇಲ್ಲ.

ಈಗ ನಾವು ದಿನಕ್ಕೆ ಹತ್ತು ಸಲ ಕೇಳುವ ಮಾತು: 'ಫಾರಿನ್‌ನವರು ಬಂದರು, ಪುಡಿ ರೇಟು ಏರಿತು.' ಇದಕ್ಕೆ ಲೆಕ್ಕದಲ್ಲೇ ಉತ್ತರ ಕೊಡುತ್ತೇವೆ. ತೋಟ ಇರುವ ಗ್ರಾಹಕರಿಗೆ ಇದು ಹೊಸದಲ್ಲ, ಉಳಿದವರು ಸ್ವಲ್ಪ ತಾಳ್ಮೆಯಿಂದ ಓದಿ.

50 ಕೆ.ಜಿ.ಯ ಒಂದು ಮೂಟೆ ಅರೇಬಿಕಾ ಪಾರ್ಚ್‌ಮೆಂಟ್ (ಒಳಸಿಪ್ಪೆ ಸಮೇತ ಒಣಗಿಸಿದ ಬೀಜ) ಕ್ಯೂರಿಂಗ್‌ಗೆ ಹೋಗಿ ಸಿಪ್ಪೆ ಕಳೆದು ಬಂದಾಗ ಸುಮಾರು 40 ಕೆ.ಜಿ. ಬೀಜ ಉಳಿಯುತ್ತದೆ. ಅದನ್ನು ಫಿಲ್ಟರ್ ಕಾಫಿಯ ಹದಕ್ಕೆ ಹುರಿದರೆ ನೀರು, ಹೊಟ್ಟು ಹೋಗಿ ಶೇ 16ರಿಂದ 18 ತೂಕ ಕಡಿಮೆಯಾಗುತ್ತದೆ. ಇನ್ನೂ ಕಪ್ಪಗೆ ಬೇಕೆಂದರೆ ನಷ್ಟ 20ರವರೆಗೂ ಹೋಗುತ್ತದೆ. ಕೊನೆಗೆ ಕೈಗೆ ಸಿಗುವುದು ಸುಮಾರು 33 ಕೆ.ಜಿ. ಹಾಗಾಗಿ ಮೂಟೆಯ ರೇಟು 1,000 ರೂಪಾಯಿ ಏರಿದರೆ ಚಿಕೋರಿ ಇಲ್ಲದ ಪುಡಿಗೆ ಕೆ.ಜಿ.ಗೆ 30 ರೂಪಾಯಿ ಏರಲೇಬೇಕು. ಅದರಲ್ಲಿ ನಮ್ಮ ಲಾಭ ಒಂದು ಪೈಸೆಯೂ ಸೇರಿಲ್ಲ. ರೊಬಸ್ಟಾ ಚೆರಿಯ (ಹಣ್ಣಿನ ಸಿಪ್ಪೆ ಸಮೇತ ಒಣಗಿಸಿದ ಕಾಫಿ) ಲೆಕ್ಕ ಇನ್ನೂ ಬಿಗಿ. 50 ಕೆ.ಜಿ. ಚೆರಿಗೆ ಔಟ್‌ಟರ್ನ್ (ಸಿಪ್ಪೆ ಕಳೆದು ಉಳಿಯುವ ಬೀಜ) 26, 27 ಕೆ.ಜಿ. ಬರುತ್ತದೆ, ಹುರಿದ ಮೇಲೆ 22. ಮೂಟೆಗೆ 1,000 ಏರಿದರೆ ಪುಡಿಗೆ 45 ರೂಪಾಯಿ. ಮಳೆಗೆ ಸಿಕ್ಕ ಚೆರಿ, ಕಣದಲ್ಲಿ ಸರಿಯಾಗಿ ಒಣಗದ ಚೆರಿ ಬಂದರೆ ಔಟ್‌ಟರ್ನ್ ಇನ್ನೂ ಬೀಳುತ್ತದೆ. ಹುರಿಯುವಾಗ ಬಣ್ಣವೂ ಒಂದೇ ಸಮ ಬರುವುದಿಲ್ಲ.

ಮೂಟೆಯ ರೇಟನ್ನು ನಾವೂ ತೀರ್ಮಾನಿಸುವುದಿಲ್ಲ, ನಮ್ಮ ಪಾಲುದಾರರೂ ತೀರ್ಮಾನಿಸುವುದಿಲ್ಲ. ಅರೇಬಿಕಾಕ್ಕೆ ನ್ಯೂಯಾರ್ಕ್, ರೊಬಸ್ಟಾಕ್ಕೆ ಲಂಡನ್ ಪೇಟೆಯ ರೇಟೇ ಆಧಾರ. ದೇಶದ ಬೆಳೆಯಲ್ಲಿ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಹೊರದೇಶಕ್ಕೆ ಹೋಗುತ್ತದೆ. ಹೀಗಿರುವಾಗ ನಮ್ಮ ಊರಿನ ಐ.ಜಿ. ರಸ್ತೆಯ ಪುಡಿ ಅಂಗಡಿಗೆ ಬೇರೆ ರೇಟಿಗೆ ಬೀಜ ಕೊಡಿ ಎಂದು ಬೆಳೆಗಾರರನ್ನು ಕೇಳುವುದು ಹೇಗೆ? ಕೇಳಿದರೂ ಯಾಕೆ ಕೊಡಬೇಕು? ಬ್ರೆಜಿಲ್‌ನಲ್ಲಿ, ವಿಯೆಟ್ನಾಂನಲ್ಲಿ ಬರ ಬಿದ್ದ ಮೇಲೆ 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿತು. ಇಲ್ಲಿನ ತೋಟಗಳಿಗೆ ಆ ರೇಟು ಬರಲು ಒಂದು ದಿನವೂ ಬೇಕಾಗಲಿಲ್ಲ. ಪೂಲ್ ಪದ್ಧತಿ (ಎಲ್ಲರ ಬೆಳೆ ಒಟ್ಟುಗೂಡಿಸಿ ಮಾರುವುದು) ಇದ್ದ ಕಾಲದಲ್ಲಿ ಬೆಳೆಯೆಲ್ಲ ಕಾಫಿ ಬೋರ್ಡಿಗೆ ಹೋಗುತ್ತಿತ್ತು, ಒಳನಾಡಿನ ರೇಟಿಗೆ ಒಂದು ತಡೆಗೋಡೆ ಇತ್ತು. 1996ರಲ್ಲಿ ಅದು ಪೂರ್ತಿ ಹೋಯಿತು. ಅಂದಿನಿಂದ ಬೆಳೆಗಾರನಿಗೆ ಲೋಕದ ರೇಟು ಸಿಗುತ್ತಿದೆ, ಕುಡಿಯುವವನೂ ಲೋಕದ ರೇಟನ್ನೇ ಕೊಡುತ್ತಿದ್ದಾನೆ. ಮಾರುಕಟ್ಟೆ ತೆರೆದದ್ದರ ಫಲ ಅದು. ಯಾರ ಷೇರು ಯಾರ ಕೈಲಿದೆ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ವಿದೇಶಿ ಪಾಲು ಒಂದು ರೂಪಾಯಿಯೂ ಇಲ್ಲದ ಪುಡಿ ಅಂಗಡಿಗಳು ಇದೇ ಪೇಟೆಯಲ್ಲಿವೆ, ಅಲ್ಲೂ ರೇಟು ವಿಚಾರಿಸಿ ನೋಡಿ.

ಹಾಗಾದರೆ ಹೊರಗಿನ ದುಡ್ಡು ಯಾಕೆ ಬೇಕಾಯಿತು? ಇಲ್ಲೂ ಮೂಟೆಯೇ ಕಾರಣ. ಅರೇಬಿಕಾ ನವೆಂಬರಿನಿಂದ ಜನವರಿ, ರೊಬಸ್ಟಾ ಜನವರಿಯಿಂದ ಮಾರ್ಚ್. ವರ್ಷಕ್ಕೆ ಬೇಕಾದ ಬೀಜವನ್ನು ಈ ನಾಲ್ಕೈದು ತಿಂಗಳಲ್ಲೇ ಆರಿಸಿ ಇಟ್ಟುಕೊಳ್ಳಬೇಕು. ನೂರು ರೂಪಾಯಿಯ ದಾಸ್ತಾನಿಗೆ ಬ್ಯಾಂಕು ಸಾಮಾನ್ಯವಾಗಿ 75 ಕೊಡುತ್ತದೆ, ಉಳಿದ 25 ನಮ್ಮ ಕೈಯದು. ಬೀಜದ ರೇಟು ದುಪ್ಪಟ್ಟಾದರೆ ಅದೇ ಸಾಲದ ಲಿಮಿಟ್‌ನಲ್ಲಿ ಅರ್ಧ ದಾಸ್ತಾನು ಮಾತ್ರ ಬರುತ್ತದೆ. ಲಿಮಿಟ್ ಏರಿಸಬೇಕೆಂದರೆ ಇನ್ನೊಂದು ಮನೆಯ ಪತ್ರ ಅಡವಿಡಬೇಕು. ಅರ್ಧ ದಾಸ್ತಾನಿನಲ್ಲಿ ಶುರುಮಾಡಿದವರು ಜುಲೈ, ಆಗಸ್ಟ್ ಹೊತ್ತಿಗೆ ಏಜೆಂಟರ ಗೋದಾಮಿನಿಂದ ಅವರು ಹೇಳಿದ ರೇಟಿಗೆ, ಅವರು ಕೊಟ್ಟ ಗ್ರೇಡ್ ತರಬೇಕು. ನೀವು ವರ್ಷಗಟ್ಟಲೆ ಕುಡಿದ ಹದ ಕೆಡುವುದು ಅಲ್ಲಿ. ಸಾಲಕ್ಕೆ ಬೆಳೆ ಬಂದರೂ ಬಾರದಿದ್ದರೂ ಬಡ್ಡಿ ಓಡುತ್ತದೆ, ಪಾಲಿನ ದುಡ್ಡಿಗೆ ಲಾಭ ಬಂದ ವರ್ಷ ಮಾತ್ರ ಕೊಟ್ಟರೆ ಸಾಕು. ನಮಗೆ ಕಂಡ ದಾರಿ ಇದು. ಊರಿನಲ್ಲೇ ಪಾಲು ಹಾಕುವವರನ್ನು ಹುಡುಕಲಿಲ್ಲವೇ ಎಂದರೆ ಹುಡುಕಿದೆವು. ಬೆಳೆಗಾರರ ಕೈಯಲ್ಲಿ ದುಡ್ಡಿದ್ದ ವರ್ಷ ಅವರಿಗೆ ತೋಟಕ್ಕೆ ನೀರಾವರಿ ಮುಖ್ಯ, ಅದು ಸರಿಯೇ.

ಇನ್ನು ಕಪಾಟು. ಕಾಫಿ ಹುರಿದು ಪುಡಿಮಾಡುವುದು ತಯಾರಿಕೆ. ಅದರಲ್ಲಿ ವಿದೇಶಿ ಹೂಡಿಕೆ ಶೇ 100ರವರೆಗೂ ದೆಹಲಿಯ ಅನುಮತಿ ಇಲ್ಲದೆ ಬರಬಹುದು, ಇಲ್ಲಿ ತಯಾರಿಸಿದ್ದನ್ನು ಇಲ್ಲೇ ಚಿಲ್ಲರೆ ಮಾರಲೂಬಹುದು. (ಭಾರತದ ಗಡಿಗೆ ತಾಗಿದ ದೇಶಗಳ ದುಡ್ಡಾದರೆ 2020ರ ಏಪ್ರಿಲ್‌ನಲ್ಲಿ ಅನುಮತಿ ಕಡ್ಡಾಯ ಮಾಡಿದರು. ನಮ್ಮವರದ್ದು ಹಾಗಲ್ಲ.) ಆದರೆ ಅದೇ ಕಂಪನಿ ಬೇರೆಯವರು ತಯಾರಿಸಿದ ಜೇನು, ಚಾಕೊಲೇಟು, ಫಿಲ್ಟರನ್ನು ತನ್ನ ಬಿಲ್ಲಿನಲ್ಲಿ ಮಾರಿದರೆ ಅದು ಹಲವು ಬ್ರ್ಯಾಂಡ್‌ಗಳ ಚಿಲ್ಲರೆ ವ್ಯಾಪಾರವಾಗುತ್ತದೆ. 2012ರ ಸೆಪ್ಟೆಂಬರಿನಲ್ಲಿ ಅದಕ್ಕೆ ಹಾಕಿದ ಷರತ್ತು ಕೇಳಿ: ವಿದೇಶಿ ಪಾಲು ಹೆಚ್ಚೆಂದರೆ ಶೇ 51, ಸರ್ಕಾರದ ಅನುಮತಿ ಬೇಕು, ಕನಿಷ್ಠ 10 ಕೋಟಿ ಡಾಲರ್ ತರಬೇಕು, ಅದರಲ್ಲಿ ಅರ್ಧವನ್ನು ಮೂರು ವರ್ಷದೊಳಗೆ ಗೋದಾಮು, ಶೀತಲಗೃಹದಂಥ ವ್ಯವಸ್ಥೆಗೆ ಹಾಕಬೇಕು. ಅಂಗಡಿ ತೆರೆಯುವುದು 10 ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರದಲ್ಲಿ, 2013ರಿಂದ ರಾಜ್ಯ ಸರ್ಕಾರ ಒಪ್ಪಿದ ಬೇರೆ ಊರಿನಲ್ಲೂ. 10 ಕೋಟಿ ಡಾಲರ್ ಎಂದರೆ 800 ಕೋಟಿ ರೂಪಾಯಿಗೂ ಮೇಲೆ. ನಮ್ಮ ಎಡಗೋಡೆಯ ಕಪಾಟಿನಲ್ಲಿದ್ದದ್ದು ನಲವತ್ತು ಬಾಟಲಿ ಜೇನು. ಪಾಲು ಶೇ 24 ಇರಲಿ, 2 ಇರಲಿ, ನಿಯಮ ಒಂದೇ.

ದೇಶದಲ್ಲೇ ಬೆಳೆದ, ತಯಾರಿಸಿದ ಆಹಾರ ಪದಾರ್ಥಗಳ ಚಿಲ್ಲರೆ ಮಾರಾಟಕ್ಕೆ 2016ರಲ್ಲಿ ಬೇರೆ ಬಾಗಿಲು ತೆರೆದರು. ಶೇ 100ರವರೆಗೂ ಆಗಬಹುದು, ಆದರೆ ಮೊದಲು ಅರ್ಜಿ ಹಾಕಿ ಅನುಮತಿ ಪಡೆಯಬೇಕು. ಜೇನು, ಮೆಣಸು ಅದರಲ್ಲಿ ಬರುತ್ತವೆ, ಹಿತ್ತಾಳೆ ಫಿಲ್ಟರು ಬರುವುದಿಲ್ಲ. ಇನ್ನೂ ಸೋಜಿಗದ ವಿಷಯವೆಂದರೆ, ನಮ್ಮ ಕಂಪನಿಯ ಒಡೆತನ, ಹಿಡಿತ ಎರಡೂ ಇಲ್ಲಿನವರ ಕೈಯಲ್ಲೇ ಇರುವುದರಿಂದ ನಾವೇ ಇನ್ನೊಂದು ಕಂಪನಿ ತೆರೆದು ಅದರಲ್ಲಿ ದುಡ್ಡು ಹಾಕಿದರೆ, ಕಾನೂನಿನ ಲೆಕ್ಕದಲ್ಲಿ ಅದು ವಿದೇಶಿ ಹೂಡಿಕೆಯೇ ಅಲ್ಲ. ಅದೇ ದುಡ್ಡು, ಒಂದು ಮೆಟ್ಟಿಲು ಕೆಳಗಿಳಿದರೆ ಮಡಿ! ಆದರೆ ನಲವತ್ತು ಬಾಟಲಿಗೆ ಇನ್ನೊಂದು ಆಡಿಟ್, ಇನ್ನೊಂದು ಜಿಎಸ್‌ಟಿ ನಂಬರ್ ಕಟ್ಟಿಕೊಳ್ಳಲು ನಮಗೆ ಚೈತನ್ಯವಿಲ್ಲ.

ಆದ್ದರಿಂದ ವಿದೇಶಿ ಒಡೆತನದ ಮಿತಿ ಸಡಿಲಿಸಬೇಕೋ ಬೇಡವೋ ಎಂದು ಗಲ್ಲೆಯ ಮುಂದೆ ನಿಂತು ವಾದಿಸುವವರಿಗೆ ನಮ್ಮ ಅಭಿಪ್ರಾಯ ಇಷ್ಟು: ಸಣ್ಣ ಪಾಲಿಗೆ ಸಡಿಲಿಸಿ. ಶೇ 25ರ ಒಳಗಿನ ಪಾಲು ಇರುವ ಊರ ಅಂಗಡಿಗೂ ದೇಶಕ್ಕೆಲ್ಲ ಮಳಿಗೆ ತೆರೆಯುವ ದೈತ್ಯನಿಗೂ ಒಂದೇ ಕೋಲಿನಲ್ಲಿ ಅಳತೆ ಹಾಕಿದರೆ ಉಳಿಯುವುದು ದೈತ್ಯನೇ. ಅವನ ಹತ್ತಿರ 800 ಕೋಟಿ ಇದೆ. ತೋಟದ ವಿಷಯಕ್ಕೆ ಬಂದರೆ ನಮ್ಮ ಮನಸ್ಸು ಬೇರೆ. 2015ರಿಂದ ಕಾಫಿ ತೋಟಗಾರಿಕೆಯಲ್ಲೂ ಶೇ 100 ವಿದೇಶಿ ಹೂಡಿಕೆಗೆ ಅವಕಾಶವಿದೆ, ಮುಂದೆ ಭೂಬಳಕೆ ಬದಲಿಸಬೇಕಾದರೆ ರಾಜ್ಯ ಸರ್ಕಾರದ ಅನುಮತಿ ಬೇಕು. ಆ ಕೊನೆಯ ಷರತ್ತನ್ನು ಬಿಗಿಯಾಗಿ ಹಿಡಿಯಬೇಕು. ಯಂತ್ರ ಮಾರಿದರೆ ಇನ್ನೊಂದು ಬರುತ್ತದೆ, ನೆರಳಿನ ಮರ ಕಡಿದು ರೆಸಾರ್ಟ್ ಕಟ್ಟಿದ ಗುಡ್ಡ ಮತ್ತೆ ತೋಟವಾಗುವುದಿಲ್ಲ. ರೆಸಾರ್ಟ್ ಕಟ್ಟುವವರು ವಿದೇಶಿಯವರೇ ಆಗಬೇಕೆಂದಿಲ್ಲ, ಅದು ನಿಮಗೂ ಗೊತ್ತು.

ಇನ್ನೊಂದು ಮಾತು: ಶೇಕಡಾವಾರು ನೋಡಿ ಹೆದರುವವರು ಕರಾರು ಓದುವುದಿಲ್ಲ. 1973ರ ವಿದೇಶಿ ವಿನಿಮಯ ಕಾಯ್ದೆ ವಿದೇಶಿ ಪಾಲನ್ನು ಶೇ 40ಕ್ಕೆ ಇಳಿಸಲು ಹೇಳಿತು. ಕೋಕಾ ಕೋಲಾ ಒಪ್ಪದೆ ದೇಶ ಬಿಟ್ಟಿತು. ಒಪ್ಪಿ ಉಳಿದ ಕಂಪನಿಗಳಲ್ಲಿ ಮಿಕ್ಕ 60 ಸಾವಿರಾರು ಸಣ್ಣ ಷೇರುದಾರರಲ್ಲಿ ಹಂಚಿಹೋದ ಕಡೆ, 40 ಹಿಡಿದವನ ಮಾತೇ ನಡೆಯಿತು. ಅದೇ ರೀತಿ, ಶೇ 10 ಕೊಟ್ಟು ಕರಾರಿನಲ್ಲಿ ಎಲ್ಲಕ್ಕೂ ಅವರ ಒಪ್ಪಿಗೆ ಬೇಕೆಂದು ಸಹಿ ಹಾಕಿದರೆ ಅಂಗಡಿ ಹೋದಂತೆಯೇ. ನಮ್ಮ ಕರಾರಿನಲ್ಲಿ ಅವರ ಒಪ್ಪಿಗೆ ಬೇಕಾದದ್ದು ಮೂರಕ್ಕೆ: ಹೊಸ ಷೇರು ಹೊರಡಿಸಲು, ಕಟ್ಟಡ ಅಥವಾ ಹುರಿಯುವ ಯಂತ್ರ ಮಾರಲು, ಮಾತಾಡಿಕೊಂಡ ಮಿತಿಗಿಂತ ಹೆಚ್ಚು ಸಾಲ ಮಾಡಲು. ಯಾರ ತೋಟದಿಂದ ಬೀಜ ಕೊಳ್ಳಬೇಕು, ಎಷ್ಟು ಚಿಕೋರಿ, ಯಾವ ರೇಟು, ಇವು ಅದರಲ್ಲಿ ಇಲ್ಲ. ಅವರು ತಮ್ಮ ಪಾಲು ಮಾರುವಾಗ ನಮ್ಮದನ್ನೂ ಜೊತೆಗೆ ಮಾರಲೇಬೇಕೆಂಬ ಕಲಮು ಮೊದಲ ಕರಡಿನಲ್ಲಿತ್ತು, ತೆಗೆಸಿದ್ದೇವೆ. ಮಾರುವುದಾದರೆ ಮೊದಲು ನಮ್ಮನ್ನೇ ಕೇಳಬೇಕು. ಇಷ್ಟೇ ಲಾಭ ಕೊಟ್ಟು ಅವರ ಪಾಲು ವಾಪಸ್ ಕೊಳ್ಳುತ್ತೇವೆಂಬ ಖಾತರಿ ನಾವು ಕೊಟ್ಟಿಲ್ಲ, ಅಂಥ ಖಾತರಿ ಕೊಡಲು ವಿದೇಶಿ ವಿನಿಮಯದ ನಿಯಮವೂ ಬಿಡುವುದಿಲ್ಲ.

ಇದೇ ದಾರಿ ಯೋಚಿಸುತ್ತಿರುವ ಸಣ್ಣ ಉದ್ಯಮದವರು ನಮ್ಮ ಗ್ರಾಹಕರಲ್ಲೂ ಇದ್ದಾರೆ, ಅವರಿಗೆ ಎರಡು ಮಾತು. ಬೆಳೆಗಾರರೇ ಸೇರಿ ಕಟ್ಟುವ ಉತ್ಪಾದಕರ ಕಂಪನಿಯಾದರೆ ಬೆಳೆಗಾರರಲ್ಲದವರು ಪಾಲು ಹಿಡಿಯುವಂತಿಲ್ಲ, ಆ ಆಸೆ ಬಿಡಿ. ಪ್ರೈವೇಟ್ ಲಿಮಿಟೆಡ್ ಆದರೆ ಷೇರಿನ ಬೆಲೆ ನಿಗದಿಯ ಪ್ರಮಾಣಪತ್ರ ದುಡ್ಡು ಬರುವ ಮುಂಚೆಯೇ ಕೈಲಿರಲಿ. ದುಡ್ಡು ಬಂದ 60 ದಿನದೊಳಗೆ ಷೇರು ಕೊಡಬೇಕು, ಕೊಡದಿದ್ದರೆ ಮುಂದಿನ 15 ದಿನದಲ್ಲಿ ವಾಪಸ್ ಕಳಿಸಬೇಕು. ಷೇರು ಕೊಟ್ಟ 30 ದಿನದೊಳಗೆ ಅದರ ವರದಿಯಾದ ಎಫ್‌ಸಿ-ಜಿಪಿಆರ್ ನಮೂನೆ ರಿಸರ್ವ್ ಬ್ಯಾಂಕಿಗೆ ಹೋಗಬೇಕು. ಕಳಿಸಿದವರ ಬ್ಯಾಂಕಿನ ಗುರುತಿನ ವರದಿ ತಡವಾಗುವುದೇ ಹೆಚ್ಚು, ಅದಕ್ಕೆ ಮೊದಲ ದಿನವೇ ಬೆನ್ನು ಹತ್ತಿ.

ನಿಮ್ಮ ಪುಡಿ ಬದಲಾಗಿಲ್ಲ. 80:20 (ಕಾಫಿ 80, ಚಿಕೋರಿ 20) ಈಗಲೂ 80:20ಯೇ. ಕಾಫಿ ಶೇ 51 ಇದ್ದರೆ ಸಾಕೆಂದು ಕಾನೂನು ಹೇಳುತ್ತದೆ, ಆ ಗೆರೆಯ ಹತ್ತಿರವೂ ನಾವು ಹೋಗಿಲ್ಲ. ಪೊಟ್ಟಣದ ಮುಂದೆಯೇ ಅಂಕಿ ಇದೆ, ಓದಿಕೊಳ್ಳಿ. ನಿಮ್ಮ ಮನೆಯ ಬೀಜ ತಂದರೆ ಹುರಿದು ಪುಡಿಮಾಡಿ ಕೊಡುವುದು ಎಂದಿನಂತೆ ನಡೆಯುತ್ತದೆ, ಅದು ಕೂಲಿ ಕೆಲಸ, ಅದಕ್ಕೆ ಯಾವ ಅಡ್ಡಿಯೂ ಇಲ್ಲ. ಎರಡು ಕೆ.ಜಿ.ಗಿಂತ ಕಡಿಮೆ ತರಬೇಡಿ, ಡ್ರಮ್ಮಿನಲ್ಲಿ ಸಮವಾಗಿ ಹುರಿಯುವುದಿಲ್ಲ.

ಜೇನು, ಮೆಣಸು, ಚಾಕೊಲೇಟು, ಫಿಲ್ಟರು ಪಕ್ಕದ ಮಳಿಗೆಯಲ್ಲಿ ಸಿಗುತ್ತವೆ. ಚಾಕೊಲೇಟು ಮಾಡುತ್ತಿದ್ದ ಸ್ತ್ರೀಶಕ್ತಿ ಸಂಘದವರೇ ಅದನ್ನು ನಡೆಸುತ್ತಿದ್ದಾರೆ. ಬಿಲ್ಲು ಅವರದು, ಲಾಭವೂ ಅವರದು. ಕರಾರಿನ ಆ ಮೂರು ವಿಷಯಗಳ ಪುಟವನ್ನು ಗಲ್ಲೆಯ ಪಕ್ಕ ತೂಗುಹಾಕಿದ್ದೇವೆ. ನಂಬಿಕೆ ಬಾರದವರು ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ 100 ರೂಪಾಯಿ ಕಟ್ಟಿದರೆ ನಾವು ಸಲ್ಲಿಸಿದ ಕಾಗದಗಳನ್ನು ನೋಡಬಹುದು. ಅಷ್ಟು ದೂರ ಯಾಕೆ, ಮಧ್ಯಾಹ್ನ ಮೂರರ ಮೇಲೆ ಅಂಗಡಿಗೆ ಬನ್ನಿ, ಆಗ ಹುರಿಯುವ ಕೆಲಸ ಮುಗಿದಿರುತ್ತದೆ. ಕಾಗದ ಮುಂದಿಡುತ್ತೇವೆ, ಕಾಫಿಯನ್ನೂ ಕೊಡುತ್ತೇವೆ.

ಇಂತಿ,
ನಿಮ್ಮ ಪುಡಿ ಅಂಗಡಿಯವರು
ಚಿಕ್ಕಮಗಳೂರು