ತೋಟ ಅಡವಿಡಬೇಡಿ ಅಪ್ಪ

ಡಾರ್ಟ್‌ಮುಂಡ್, ಜರ್ಮನಿ
ಭಾನುವಾರ

ಅಪ್ಪ, ಅಮ್ಮನಿಗೆ ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಅಜ್ಜಿಯ ಮೊಣಕಾಲು ನೋವು ಕಡಿಮೆಯಾಗಿದೆ ಅಂತ ತಿಳಿದು ಸಮಾಧಾನವಾಯಿತು.

ನಿಮ್ಮ ಪತ್ರ ಓದಿದಾಗಿನಿಂದ ತಲೆಯಲ್ಲಿ ಒಂದೇ ವಿಷಯ. ತಮ್ಮ ಪುಟ್ಟನ ಇಂಜಿನಿಯರಿಂಗ್ ಸೀಟಿಗೆ ಕೆಳಗಿನ ತೋಟವನ್ನು ಬ್ಯಾಂಕಿಗೆ ಇಡುತ್ತೇನೆ ಅಂತ ಬರೆದಿದ್ದೀರಿ. ಬೇಡ ಅಪ್ಪ. ಅವನು ಓದಲಿ, ಓದಲೇಬೇಕು. ಆದರೆ ತೋಟ ಇಟ್ಟು ಬೇಡ.

ಸೀಟು ಕೊಡಿಸುತ್ತೇನೆ ಅನ್ನುವ ಆ ಏಜೆಂಟಿನ ಮಾತು ನಂಬಬೇಡಿ. ಈ ವಾರ ಅಡ್ವಾನ್ಸ್ ಕೊಡದಿದ್ದರೆ ಬೆಂಗಳೂರಿನ ಸೀಟು ಹೋಯಿತು ಅಂತ ಅವನು ಎಲ್ಲರ ಹತ್ತಿರವೂ ಹೇಳುತ್ತಾನೆ. ಪುಟ್ಟ ಕೇರಳದ ಪ್ರವೇಶ ಪರೀಕ್ಷೆ ಕೀಮ್ ಬರೆದಿದ್ದಾನೆ, ಕರ್ನಾಟಕದ ಸಿಇಟಿಯನ್ನೂ ಬರೆದಿದ್ದಾನೆ. ರ‍್ಯಾಂಕ್ ಬರುವ ಮೊದಲೇ ಮ್ಯಾನೇಜ್‌ಮೆಂಟ್ ಸೀಟಿಗೆ ದುಡ್ಡು ಕಟ್ಟುವ ಅವಸರ ಯಾಕೆ? ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕಿನ ನಮ್ಮಂಥವರ ಮಕ್ಕಳಿಗೆ ಗಡಿನಾಡ ಕನ್ನಡಿಗರು ಅಂತ ಕರ್ನಾಟಕದ ಸರ್ಕಾರಿ ಕೋಟಾದಲ್ಲಿ ಅವಕಾಶ ಇದೆ. ಅದಕ್ಕೆ ಕನ್ನಡ ಪರೀಕ್ಷೆಯನ್ನೂ ಪಾಸಾಗಬೇಕು. ಬದಿಯಡ್ಕದಲ್ಲಿ ಕನ್ನಡ ಮೀಡಿಯಂನಲ್ಲಿ ಕಲಿತ ಹುಡುಗನಿಗೆ ಅದೇನು ದೊಡ್ಡದಲ್ಲ. ಅಲ್ಲಿ ಸಿಗದಿದ್ದರೆ ಪೊವ್ವಲ್‌ನ ಎಲ್‌ಬಿಎಸ್ ಇಂಜಿನಿಯರಿಂಗ್ ಕಾಲೇಜು ಇದೆ. 1993ರಿಂದ ನಡೆಯುತ್ತಿರುವ ಕಾಲೇಜು. ಚೆರ್ಕಳದಲ್ಲಿ ಬಸ್ ಬದಲಿಸಿದರೆ ಆಯಿತು. ಹಾಸ್ಟೆಲ್ ಖರ್ಚಿಲ್ಲ, ರಾತ್ರಿ ಊಟ ಅಮ್ಮನ ಕೈಯದ್ದೇ.

ಲೆಕ್ಕ ನೋಡಿ ಅಪ್ಪ. ಸಾಲ ಏಳೂವರೆ ಲಕ್ಷ ದಾಟಿದರೆ ಬ್ಯಾಂಕಿನವರು ಸಾಮಾನ್ಯವಾಗಿ ಆಸ್ತಿ ಜಾಮೀನು ಕೇಳುತ್ತಾರೆ. ತೋಟದ ಮಾತು ಬಂದದ್ದೇ ಅದಕ್ಕೆ ಅಲ್ವಾ? ವರ್ಷಕ್ಕೆ ಎರಡೂವರೆ ಲಕ್ಷದಂತೆ ಹತ್ತು ಲಕ್ಷ ತೆಗೆದರೆ, ಶೇ. 10ರ ಬಡ್ಡಿಯಲ್ಲಿ, ಓದಿನ ನಾಲ್ಕು ವರ್ಷ ಮತ್ತು ಮೇಲಿನ ಒಂದು ವರ್ಷ ಕಳೆಯುವಾಗ ಬಡ್ಡಿಯೇ ಮೂರೂವರೆ ಲಕ್ಷ ಸೇರಿರುತ್ತದೆ. ಹದಿಮೂರೂವರೆ ಲಕ್ಷವನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ 17,800ರ ಹತ್ತಿರ ಕಂತು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಬೆಂಗಳೂರಿನಲ್ಲಿ ಬಾಡಿಗೆ ಕೊಟ್ಟು, ಊಟ ಮಾಡಿ, ಅಷ್ಟು ಕಟ್ಟುವುದು ಹೇಗೆ? ಅವನಿಗೆ ಆಗದಿದ್ದರೆ ನೀವು ಅಡಿಕೆ ಮಾರಿ ಕಟ್ಟುತ್ತೀರಿ. ಕೊಳೆರೋಗ ಬಂದ ವರ್ಷ?

ನನ್ನ ಡಿಗ್ರಿ ನನಗೆ ಎಲ್ಲ ಕೊಟ್ಟಿದೆ. ಬಿ.ಎಸ್‌ಸಿ. ನರ್ಸಿಂಗ್ ಮಾಡದಿದ್ದರೆ ನಾನು ಇಲ್ಲಿ ಇರುತ್ತಿರಲಿಲ್ಲ. ಆದರೆ ನನ್ನದು ಮೆರಿಟ್ ಸೀಟು, ಮನೆಯ ಮೇಲೆ ಸಾಲ ಇರಲಿಲ್ಲ. ಅದಕ್ಕೇ ಕೆಲಸ ಬಿಟ್ಟು ಕೂತು ಬಿ2 ಮಟ್ಟದವರೆಗೆ ಜರ್ಮನ್ ಭಾಷೆ ಕಲಿಯಲು ಆಯಿತು. ತಿಂಗಳ ಕಂತು ಕುತ್ತಿಗೆಗೆ ಇದ್ದಿದ್ದರೆ ಕೈಗೆ ಸಿಕ್ಕ ಮೊದಲ ಕೆಲಸಕ್ಕೇ ಅಂಟಿಕೊಳ್ಳಬೇಕಿತ್ತು. ಪುಟ್ಟನಿಗೂ ಆ ಬಿಡುವು ಬೇಕು.

ಇಲ್ಲಿನ ಕ್ರಮ ನೋಡಿದರೆ ನಿಮಗೆ ಆಶ್ಚರ್ಯವಾಗುತ್ತದೆ. ನನ್ನ ನಾಲ್ಕು ವರ್ಷದ ಓದನ್ನು ಇವರು ಗಂಟೆ ಲೆಕ್ಕದಲ್ಲಿ ತೂಗಿ ನೋಡಿದರು. ಯಾವ ವಿಷಯ ಎಷ್ಟು ಗಂಟೆ, ಯಾವ ವಾರ್ಡಿನಲ್ಲಿ ಎಷ್ಟು ಗಂಟೆ ಅಂತ ಪುಟಗಟ್ಟಲೆ ಅನುವಾದ, ಪ್ರತಿ ಪುಟಕ್ಕೂ ಅನುವಾದಕರ ದುಂಡು ಸೀಲು. ಮುದುಕರ ಆರೈಕೆಯಲ್ಲಿ ಗಂಟೆ ಸಾಲದು ಅಂತ ಮತ್ತೆ ತರಬೇತಿ ಕೊಟ್ಟರು. ನಮ್ಮ ವಾರ್ಡಿನ ಇಲ್ಲಿಯ ನರ್ಸ್ ಹುಡುಗಿಯರು ಕಾಲೇಜಿಗೇ ಹೋದವರಲ್ಲ. ಮೂರು ವರ್ಷ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾ ಕಲಿತವರು. ಫೀಸು ಕಟ್ಟುವುದಲ್ಲ, ಸಂಬಳ ಸಿಗುತ್ತದೆ! ಸರ್ಕಾರಿ ಆಸ್ಪತ್ರೆಗಳಲ್ಲಿ ಮೊದಲ ವರ್ಷವೇ ತಿಂಗಳಿಗೆ 1,300 ಯೂರೋ ಮೇಲೆ. ಈಗ ಅವರಿಗೂ ನನಗೂ ಒಂದೇ ಸಂಬಳ. ಮನೆಯ ಹೀಟರ್ ರಿಪೇರಿಗೆ ಬರುವ ಮೇಸ್ತ್ರಿಯ 'ಮೈಸ್ಟರ್' ಸರ್ಟಿಫಿಕೇಟನ್ನು ಸರ್ಕಾರವೇ ಬ್ಯಾಚುಲರ್ ಡಿಗ್ರಿಯ ಮಟ್ಟದಲ್ಲಿ ಇಟ್ಟಿದೆ.

ಇದನ್ನು ಯಾಕೆ ಬರೆದೆ ಅಂದರೆ, ಪುಟ್ಟ ನಮ್ಮ ಬಾವಿಯ ಪಂಪಿನ ಮೋಟಾರನ್ನು ಬಿಚ್ಚಿ ಸರಿಮಾಡಿದವನು. ರ‍್ಯಾಂಕ್ ತೀರಾ ಹಿಂದೆ ಬಂದರೆ ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಲಿ. ಆಮೇಲೆ ಲ್ಯಾಟರಲ್ ಎಂಟ್ರಿಯಲ್ಲಿ ಬಿ.ಟೆಕ್. ಎರಡನೇ ವರ್ಷಕ್ಕೇ ಸೇರಬಹುದು. ಡಿಗ್ರಿ ತಪ್ಪುವುದಿಲ್ಲ, ಖರ್ಚು ಮಾತ್ರ ಇಳಿಯುತ್ತದೆ. ನಾಲ್ಕು ಜನ ಏನೆನ್ನುತ್ತಾರೆ ಅಂತ ನೀವು ನೋಡಬೇಡಿ. ಕಂತು ಕಟ್ಟಲು ಅವರು ಬರುವುದಿಲ್ಲ.

ಜರ್ಮನಿಯಲ್ಲಿ ಫೀಸೇ ಇಲ್ಲ, ಅಲ್ಲಿಗೇ ಕರೆಸಿಕೊ ಅಂತ ಶಂಕರ ಮಾವ ಹೇಳಿದ್ದು ಅರ್ಧ ಸರಿ. ಹೆಚ್ಚಿನ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಫೀಸಿಲ್ಲ. ಆದರೆ ವೀಸಾಕ್ಕೆ ಒಂದು ವರ್ಷದ ಖರ್ಚು ಅಂತ 11,904 ಯೂರೋ ಮೊದಲೇ ಖಾತೆಯಲ್ಲಿ ಇಟ್ಟು ತೋರಿಸಬೇಕು. ಈಗ ಅದು ಬೇಡ. ಊರ ಕಡೆಯೇ ಬಿ.ಟೆಕ್. ಮುಗಿಸಲಿ, ಎಂ.ಟೆಕ್. ಹೊತ್ತಿಗೆ ನಾನೇ ನೋಡಿಕೊಳ್ಳುತ್ತೇನೆ.

ಕಾಲೇಜು ಫೀಸಿಗೆ ನಾನು ಕಳಿಸುತ್ತೇನೆ. ನನಗೆ ಕಷ್ಟ ಅಂತ ಅಂದುಕೊಳ್ಳಬೇಡಿ. ನಿಜವಾಗಿ ಏನೂ ಕಷ್ಟ ಇಲ್ಲ. ಚಳಿ ಹೋಗಿದೆ, ರಾತ್ರಿ ಒಂಬತ್ತೂವರೆವರೆಗೂ ಬೆಳಕಿರುತ್ತದೆ, ಕುಚ್ಚಲಕ್ಕಿಯೂ ಸಿಗುತ್ತದೆ, ತೂಕವೂ ಜಾಸ್ತಿಯಾಗಿದೆ. ಅಮ್ಮ ಸುಮ್ನೆ ಚಿಂತೆ ಮಾಡುವುದು ಬೇಡ.

ಮಳೆ ಹಿಡಿಯುವ ಮೊದಲು ತೋಟಕ್ಕೆ ಮದ್ದು ಬಿಡಿಸಿ, ಅದರ ದುಡ್ಡು ಕಳಿಸಿದ್ದೇನೆ. ಏಜೆಂಟಿಗೆ ಒಂದು ರೂಪಾಯಿಯೂ ಕೊಡಬೇಡಿ. ರ‍್ಯಾಂಕ್ ಬಂದ ದಿನವೇ ಪುಟ್ಟ ನನಗೆ ಫೋನ್ ಮಾಡಲಿ, ನಾನು ಡ್ಯೂಟಿಯಲ್ಲಿದ್ದರೂ ಪರವಾಗಿಲ್ಲ. ನೈಟ್ ಡ್ಯೂಟಿಗೆ ಹೊತ್ತಾಯಿತು, ಟ್ರಾಮ್ ಹಿಡಿಯಬೇಕು. ಉಳಿದದ್ದು ಫೋನಿನಲ್ಲಿ.

ನಿಮ್ಮ ಮಗಳು