ಸೊಂಟದ ಅಳತೆ ಬರೆದುಕೊಂಡಿರಿ, ಮುಂದೇನು? ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ನಮಸ್ಕಾರಗಳು. ನಾನು ತುಮಕೂರು ಜಿಲ್ಲೆಯ ಒಂದು ಹಳ್ಳಿಯ ಅಂಗನವಾಡಿ ಕಾರ್ಯಕರ್ತೆ. ವಯಸ್ಸು 46, ಎತ್ತರ 154 ಸೆಂ.ಮೀ., ತೂಕ 98 ಕೆ.ಜಿ. ಈ ಪತ್ರ ಬರೆಯುತ್ತಿರುವುದೇ ಆ ತೂಕದ ವಿಚಾರವಾಗಿ, ಹಾಗಾಗಿ ಮೊದಲೇ ಹೇಳಿಬಿಟ್ಟೆ.

ಕಳೆದ ವರ್ಷ ನಮ್ಮೂರಿನ ಆಶಾ ಕಾರ್ಯಕರ್ತೆ ಮನೆಗೆ ಬಂದು ಫಾರಂ ತುಂಬಿಸಿಕೊಂಡಳು. ಬಿಪಿ, ಶುಗರ್‌ನಂಥ ಕಾಯಿಲೆಯ ಅಪಾಯ ಎಷ್ಟಿದೆ ಎಂದು ತಿಳಿಯಲು ಮೂವತ್ತು ದಾಟಿದವರಿಗೆಲ್ಲ ತುಂಬುವ ಫಾರಂ ಅದು. ವಯಸ್ಸಿಗಿಷ್ಟು, ಬೀಡಿ ಹೊಗೆಸೊಪ್ಪಿಗಿಷ್ಟು ಅಂತ ಅಂಕ. ಹೆಂಗಸರ ಸೊಂಟ 80 ಸೆಂ.ಮೀ. ಒಳಗಿದ್ದರೆ ಸೊನ್ನೆ, 90ರವರೆಗೆ ಒಂದು, ಅದು ದಾಟಿದರೆ ಎರಡು. ನನ್ನದು 112. ಟೇಪು ಸುತ್ತಿಟ್ಟುಕೊಂಡು ಅವಳು ದನಿ ತಗ್ಗಿಸಿ, 'ಅಕ್ಕಾ, ಸ್ವಲ್ಪ ತೂಕ ಇಳಿಸ್ಕೊಳ್ಳಿ' ಅಂದಳು. ಅವಳ ತಪ್ಪೇನಿಲ್ಲ. ಅದರಾಚೆಗೆ ಹೇಳಲು ಇಲಾಖೆ ಅವಳಿಗೆ ಏನನ್ನೂ ಕೊಟ್ಟಿಲ್ಲ.

ಅವಳ ಮಾತಿಗೆ ಒಂದು ಸರ್ಕಾರಿ ಆಸ್ಪತ್ರೆಗೆ ಹೋದೆ. ಬಿಪಿ ನೋಡುವ ಪಟ್ಟಿ ನನ್ನ ತೋಳಿಗೆ ಸಾಲಲಿಲ್ಲ. ಸಿಸ್ಟರ್ ಮೂರು ಸಲ ಸುತ್ತಿದರು, ಗಾಳಿ ತುಂಬುತ್ತಿದ್ದಂತೆ ಮೂರು ಸಲವೂ ಪಟ್ಟೆಂದು ಬಿಚ್ಚಿಕೊಂಡಿತು. ಕೊನೆಗೆ ಕೈಯಲ್ಲಿ ಒತ್ತಿ ಹಿಡಿದೇ ನೋಡಿದರು. ಹಿಂದೆ ಸಾಲಿನಲ್ಲಿದ್ದವರೆಲ್ಲ ನೋಡುತ್ತಿದ್ದರು. ಪಟ್ಟಿ ಚಿಕ್ಕದಾದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ ಎಂದು ನರ್ಸಿಂಗ್ ಓದುತ್ತಿರುವ ನನ್ನ ಮಗಳು ಆಮೇಲೆ ಹೇಳಿದಳು. ಅಂದರೆ ನನ್ನಂಥವರು ನುಂಗುವ ಮಾತ್ರೆಯ ಲೆಕ್ಕವೇ ತಪ್ಪಿರಬಹುದು. ಡಾಕ್ಟರು ಬಿಪಿಗೆ ಬರೆದರು, ಶುಗರಿಗೆ ಬರೆದರು, ಮಂಡಿನೋವಿಗೂ ಬರೆದರು. ತೂಕಕ್ಕೆ ಸಿಕ್ಕಿದ್ದು ಒಂದೇ ಮಾತು: 'ಕಮ್ಮಿ ತಿನ್ನಮ್ಮ, ವಾಕಿಂಗ್ ಮಾಡು.' ಆಮೇಲೆ ಎಂಟು ತಿಂಗಳು ಆ ಕಡೆ ಕಾಲಿಡಲಿಲ್ಲ. ಮಾತ್ರೆಗೆ ಯಜಮಾನರನ್ನು ಕಳಿಸುತ್ತಿದ್ದೆ.

ಸ್ವಾಮಿ, ನನ್ನ ಕೆಲಸದಲ್ಲೂ ಒಂದು ಟೇಪು ಇದೆ. ಮಗುವಿನ ತೋಳಿಗೆ ಸುತ್ತುವುದು. 11.5 ಸೆಂ.ಮೀ.ಗಿಂತ ಕಡಿಮೆ ಬಂದರೆ ಕೆಂಪು. ಕೆಂಪು ಬಂತೆಂದರೆ ನಾವು ತಾಯಿಯನ್ನು ಬೈಯುವುದಿಲ್ಲ, 'ಜಾಸ್ತಿ ತಿನ್ನಿಸಮ್ಮ' ಅಂದು ಕೈತೊಳೆದುಕೊಳ್ಳುವುದೂ ಇಲ್ಲ. ಮಗುವಿನ ಹೆಸರು ಅಪೌಷ್ಟಿಕ ಮಕ್ಕಳ ಪುನಶ್ಚೇತನ ಕೇಂದ್ರಕ್ಕೆ, ಅಂದರೆ ಎನ್‌ಆರ್‌ಸಿಗೆ ಹೋಗುತ್ತದೆ. ಅಲ್ಲಿ ಹದಿನಾಲ್ಕು ದಿನ ಮಂಚ, ಹೊತ್ತುಹೊತ್ತಿಗೆ ಅಳೆದು ಕೊಡುವ ಊಟ, ಸೋಂಕಿದ್ದರೆ ಔಷಧ. ಕೂಲಿ ಬಿಟ್ಟು ಬಂದ ತಾಯಿಗೆ ಭತ್ಯೆ. ಮನೆಗೆ ಬಂದ ಮೇಲೂ ಕರೆಸಿ ತೂಕ ನೋಡುತ್ತಾರೆ. ಎರಡು ವರ್ಷದ ಹಿಂದೆ ಕೈಕಾಲು ಕಡ್ಡಿಯಾಗಿದ್ದ ಒಂದು ಹುಡುಗಿ ಈಗ ನನ್ನ ಅಂಗನವಾಡಿಯಲ್ಲಿ ಮೊಟ್ಟೆಗಾಗಿ ಎಲ್ಲರಿಗಿಂತ ಮುಂದೆ ಕೂರುತ್ತಾಳೆ. ಆ ವ್ಯವಸ್ಥೆ ಕಟ್ಟಿದ್ದು ಇದೇ ಆರೋಗ್ಯ ಇಲಾಖೆ. ತೂಕ ಕಡಿಮೆಯಾದರೆ ಕಾಯಿಲೆ, ಹೆಚ್ಚಾದರೆ ನಡತೆಯ ದೋಷ ಎಂದು ಯಾವಾಗ ತೀರ್ಮಾನವಾಯಿತು?

ನಾನು ಪ್ರಯತ್ನ ಮಾಡದೆ ಕೂತವಳಲ್ಲ. 2019ರಲ್ಲಿ ಅನ್ನ ಬಿಟ್ಟು, ಮುದ್ದೆ ಅರ್ಧ ಮಾಡಿ, ಐದು ತಿಂಗಳಲ್ಲಿ 14 ಕೆ.ಜಿ. ಇಳಿಸಿದೆ. ಒಂದೂವರೆ ವರ್ಷದಲ್ಲಿ ಅಷ್ಟೂ ವಾಪಸ್ ಬಂತು. ಬೆಳಗಿನ ಜಾವ ನಡೆಯೋಣವೆಂದರೆ ನಮಗಿರುವುದು ಲಾರಿ ಓಡುವ ರಸ್ತೆಯೊಂದೇ, ಜೊತೆಗೆ ನಾಯಿಗಳು. ಪಕ್ಕದೂರಿನವರೊಬ್ಬರು ಮಾರುವ ತೂಕ ಇಳಿಸುವ ಪುಡಿಗೆ ಎರಡು ತಿಂಗಳ ಗೌರವಧನ ಸುರಿದೆ. ನನ್ನ ಮನಸ್ಸು ಗಟ್ಟಿಯಿಲ್ಲ ಎಂದೇ ನಂಬಿದ್ದೆ. ತೂಕ ಇಳಿದಾಗ ಮೈ ಖರ್ಚು ಮಾಡುವ ಶಕ್ತಿಯೂ ಇಳಿಯುತ್ತದಂತೆ. ಹಸಿವು ಏರುತ್ತದೆ, ವರ್ಷ ಕಳೆದರೂ ಹಸಿವಿನ ಹಾರ್ಮೋನುಗಳು ಮೊದಲಿನ ಮಟ್ಟಕ್ಕೆ ಬರುವುದಿಲ್ಲ ಎಂದು ಆಸ್ಟ್ರೇಲಿಯಾದ ವೈದ್ಯರು 2011ರಲ್ಲೇ ತೋರಿಸಿದ್ದಾರಂತೆ. ಮಗಳು ಅದನ್ನು ಓದಿ ಹೇಳಿದ ರಾತ್ರಿ ನಾನು ಅತ್ತೆ. ಇಷ್ಟು ವರ್ಷದಲ್ಲಿ ಒಬ್ಬ ಡಾಕ್ಟರೂ ಇದನ್ನು ನನಗೆ ಹೇಳಿರಲಿಲ್ಲ.

ನಾನೊಬ್ಬಳೇ ಆಗಿದ್ದರೆ ಪತ್ರ ಬರೆಯುತ್ತಿರಲಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಶೇ. 30.1ರಷ್ಟು ಮಂದಿಗೆ ಅಧಿಕ ತೂಕ ಅಥವಾ ಬೊಜ್ಜು. ಹಿಂದಿನ ಸಮೀಕ್ಷೆಯಲ್ಲಿ ಇದು ಶೇ. 23.3 ಇತ್ತು. ತೂಕ ಕಡಿಮೆ ಇರುವವರು ಶೇ. 17.2. ಅಧಿಕ ತೂಕದ ಲೆಕ್ಕ ಹಾಕಿದ್ದು 25ರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) ಹಿಡಿದು. ನಮ್ಮ ಜನರಿಗೆ 23ರಿಂದಲೇ ಅಪಾಯ ಶುರು ಎನ್ನುತ್ತಾರೆ ತಜ್ಞರು. ಎಣ್ಣೆ ಶೇ. 10ರಷ್ಟು ಕಡಿಮೆ ಬಳಸಿ ಎಂದು ಪ್ರಧಾನಿಗಳು 2025ರಲ್ಲಿ ಕರೆ ಕೊಟ್ಟರು. ಒಳ್ಳೆಯದೇ, ನಮ್ಮ ಮಕ್ಕಳಿಗೆ ಬೊಜ್ಜು ಬಾರದಿರಲು ಅದು ಬೇಕು. ಆದರೆ 41ರ ಬಿಎಂಐ ಇರುವ ನನಗೆ ಒಗ್ಗರಣೆಯ ಎಣ್ಣೆ ಕಡಿಮೆ ಮಾಡುವುದು ಚಿಕಿತ್ಸೆಯಲ್ಲ.

ತಮ್ಮಲ್ಲಿ ಕೇಳುವುದು ಇಷ್ಟು. ಪ್ರತಿ ಸರ್ಕಾರಿ ಆಸ್ಪತ್ರೆಗೂ ದೊಡ್ಡ ಬಿಪಿ ಪಟ್ಟಿ ಕೊಡಿಸಿ. ತೂಕ ನೋಡುವುದನ್ನು ಸಾಲಿನ ಮುಂದಿನಿಂದ ಪರದೆಯ ಹಿಂದಕ್ಕೆ ತನ್ನಿ. ಇದಕ್ಕೆ ಹೆಚ್ಚು ದುಡ್ಡೇನೂ ಬೇಕಾಗಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಬೊಜ್ಜಿಗೆಂದೇ ಮೀಸಲಿಡಿ. ಅಲ್ಲಿ ಥೈರಾಯ್ಡ್ ನೋಡಲಿ, ರಾತ್ರಿ ಗೊರಕೆಯಲ್ಲಿ ಉಸಿರು ಕಟ್ಟುತ್ತದೆಯೇ ಕೇಳಲಿ, ತೂಕ ಏರಿಸುವ ಮಾತ್ರೆ ಯಾವುದಾದರೂ ನುಂಗುತ್ತಿದ್ದೇವೆಯೇ ಎಂದು ಚೀಟಿ ತೆಗೆದು ಓದಲಿ. ಮುದ್ದೆ, ಸೊಪ್ಪಿನ ಸಾರು, ರೇಷನ್ ಅಕ್ಕಿ ಇಟ್ಟುಕೊಂಡೇ ಊಟದ ಲೆಕ್ಕ ಹೇಳುವವರು ಒಬ್ಬರಿರಲಿ. ಓಟ್ಸ್, ಆಲಿವ್ ಎಣ್ಣೆಯ ಪಟ್ಟಿ ನಮಗೆ ಬೇಡ. ಮಂಡಿ ನೋಯುವವರು ಹೇಗೆ ವ್ಯಾಯಾಮ ಮಾಡಬೇಕೆಂದು ಫಿಸಿಯೋಥೆರಪಿಯವರು ಕಲಿಸಲಿ.

ಔಷಧದ ಮಾತು. ಸಕ್ಕರೆ ಕಾಯಿಲೆ, ಬೊಜ್ಜು ಎರಡರ ಜೊತೆಗೆ ಹೃದಯದ ಅಥವಾ ಮೂತ್ರಪಿಂಡದ ತೊಂದರೆಯೂ ಇರುವವರಿಗೆಂದು ವಿಶ್ವ ಆರೋಗ್ಯ ಸಂಸ್ಥೆ 2025ರ ಸೆಪ್ಟೆಂಬರಿನಲ್ಲಿ, ತೂಕವನ್ನೂ ಇಳಿಸುವ ಸೆಮಾಗ್ಲುಟೈಡ್‌ನಂಥ ಚುಚ್ಚುಮದ್ದುಗಳನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಸೆಮಾಗ್ಲುಟೈಡ್ ತಯಾರಿಸಲು ಒಂದೇ ಕಂಪನಿಗೆ ಕೊಟ್ಟ ಹಕ್ಕು (ಪೇಟೆಂಟ್) ನಮ್ಮ ದೇಶದಲ್ಲಿ 2026ರ ಮಾರ್ಚ್‌ವರೆಗೆ ಮಾತ್ರ. ಎಲ್ಲರಿಗೂ ಹಂಚಿ ಎನ್ನುತ್ತಿಲ್ಲ. ನಿಲ್ಲಿಸಿದರೆ ತೂಕ ಮರಳುತ್ತದೆ ಎಂಬುದೂ ಗೊತ್ತು. ಆದರೆ ದುಡ್ಡಿದ್ದವರು ಊರೂರಲ್ಲಿ ತಾವೇ ಚುಚ್ಚಿಕೊಳ್ಳುವ ಮೊದಲು, ನಿಜವಾಗಿ ಬೇಕಾದವರಿಗೆ ಜಿಲ್ಲಾ ಆಸ್ಪತ್ರೆಯಲ್ಲಿ ವೈದ್ಯರ ಕಣ್ಗಾವಲಿನಲ್ಲಿ ಸಿಗುವಂತೆ ಇಲಾಖೆ ಖರೀದಿಗೆ ಇಳಿಯಬೇಕು. ಖಾಸಗಿ ವಿಮೆಯ ಪಾಲಿಸಿಗಳಲ್ಲೂ ಸಾಮಾನ್ಯವಾಗಿ ಒಂದು ಅಳತೆಯಿದೆ: ಬಿಎಂಐ 40 ದಾಟಿದವರಿಗೆ, ಅಥವಾ 35 ದಾಟಿ ಹೃದ್ರೋಗ, ಹತೋಟಿಗೆ ಬಾರದ ಶುಗರ್‌ನಂಥ ತೊಂದರೆ ಇರುವವರಿಗೆ, ವೈದ್ಯರ ಸಲಹೆಯಿದ್ದರೆ, ಬೊಜ್ಜಿನ ಶಸ್ತ್ರಚಿಕಿತ್ಸೆಯನ್ನು ಬರೀ ಬೊಜ್ಜಿನದೆಂದು ತಳ್ಳಿಹಾಕುವಂತಿಲ್ಲ. ಪಾಲಿಸಿ ಕೊಳ್ಳಲಾಗದ ಬಿಪಿಎಲ್ ಕಾರ್ಡಿನವರಿಗೂ ಅದೇ ಅಳತೆ ಇರಲಿ. ಯಾವ ಸರ್ಕಾರಿ ಮೆಡಿಕಲ್ ಕಾಲೇಜಿಗೆ ಹೋಗಬೇಕು, ಆಮೇಲೆ ಜೀವನಪೂರ್ತಿ ಬೇಕಾಗುವ ವಿಟಮಿನ್ ಮಾತ್ರೆ ಯಾರು ಕೊಡುತ್ತಾರೆ ಎಂಬುದನ್ನು ಕನ್ನಡದಲ್ಲಿ ಬರೆದು ಆಸ್ಪತ್ರೆಯ ಗೋಡೆಗೆ ಹಚ್ಚಿಸಿ.

2024ರಲ್ಲಿ ಕೋಲಾರದಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆಬಾಗಿಲಿಗೇ ಬಂದು ತಪಾಸಣೆ ಮಾಡುತ್ತಾರೆ. ಬರಲಿ, ಸಂತೋಷ. ನಮ್ಮ ಆಶಾ ಮುಂದಿನ ಸುತ್ತಿಗೆ ಬಂದು ಟೇಪು ಬಿಚ್ಚುವಾಗ ಅವಳ ಚೀಲದಲ್ಲಿ ಒಂದು ಚೀಟಿ ಇಟ್ಟು ಕಳಿಸಿ. ಯಾವ ಆಸ್ಪತ್ರೆ, ಯಾವ ವಾರ, ಯಾರನ್ನು ಕಾಣಬೇಕು ಎಂದು ಅದರಲ್ಲಿ ಬರೆದಿರಲಿ. ನಾನು ಹೋಗುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಅಂಗನವಾಡಿ ಕಾರ್ಯಕರ್ತೆ
ತುಮಕೂರು ಜಿಲ್ಲೆ